ಎಂಜಿನ್ ಆಯಿಲ್ ಲೀಕ್: ಪ್ಯಾಕಿಂಗ್, ಸೀಲ್ ಮನೆಯಲ್ಲೇ ಬದಲಿಸಬಹುದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಆಯಿಲ್ ಲೀಕ್ ಬಗ್ಗೆ ಕೇಳಿದವರೇ ಜಾಸ್ತಿ. ಸ್ವತಃ ಸ್ಪ್ಯಾನರ್ ಹಿಡಿಯಲು ಸಿದ್ಧ ಇರುವವರ ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ನನ್ನದು 2013ರ ವ್ಯಾಗನ್ ಆರ್, ಪೆಟ್ರೋಲ್. ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ಎಣ್ಣೆಯ ವಾಸನೆ ಬರುತ್ತದೆ. ಎಂಜಿನ್ ಮೇಲೆಲ್ಲ ಜಿಡ್ಡು. ಒಬ್ಬ ಮೆಕ್ಯಾನಿಕ್ ‘ಹೆಡ್ ಪ್ಯಾಕಿಂಗ್ ಹೋಗಿದೆ, ದೊಡ್ಡ ಕೆಲಸ’ ಅಂದರು. ಇನ್ನೊಬ್ಬರು ‘ಮೇಲಿನ ಪ್ಯಾಕಿಂಗ್ ಅಷ್ಟೇ’ ಅಂದರು. ಯಾರನ್ನು ನಂಬಲಿ? ನಾನೇ ಮಾಡಬಹುದಾ?

ಉತ್ತರ: ನೀವು ಹೇಳುತ್ತಿರುವುದನ್ನು ನೋಡಿದರೆ ಎರಡನೆಯವರ ಮಾತೇ ಸರಿ ಅನಿಸುತ್ತದೆ. ಪ್ಯಾಕಿಂಗ್ ಅಂದರೆ ಎರಡು ಭಾಗಗಳ ನಡುವೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್. ಹೆಡ್ ಪ್ಯಾಕಿಂಗ್ ಇರುವುದು ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವೆ. ಅದು ಹೋದರೆ ಸಾಮಾನ್ಯವಾಗಿ ಕೂಲೆಂಟ್ ಇಳಿಯುತ್ತದೆ, ಎಂಜಿನ್ ಹೀಟ್ ಆಗುತ್ತದೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತದೆ, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಇದ್ಯಾವುದೂ ಇಲ್ಲದೆ ಬರೀ ಮೇಲೆ ಜಿಡ್ಡು, ಸುಟ್ಟ ವಾಸನೆ ಅಂದರೆ ಮೊದಲು ನೋಡಬೇಕಾದ್ದು ಟ್ಯಾಪೆಟ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗ್. ಅದು ರಬ್ಬರ್. ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗುತ್ತದೆ. ಅಂಚಿನಿಂದ ಇಳಿದ ಆಯಿಲ್ ಕಾದ ಎಗ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಕೊಳವೆ) ಮೇಲೆ ಬಿದ್ದು ಸುಡುತ್ತದೆ. ಗಾಡಿ ಓಡುವಾಗ ಆ ಹೊಗೆ ಗಾಳಿಗೆ ಹಾರಿಹೋಗುತ್ತದೆ, ನಿಂತಾಗ ಎಸಿ ಗಾಳಿಯ ಜೊತೆ ಒಳಗೆ ಬರುತ್ತದೆ. ಇದನ್ನು ಮುಂದೂಡಬೇಡಿ. ಬಿಸಿ ಮ್ಯಾನಿಫೋಲ್ಡ್ ಮೇಲೆ ಆಯಿಲ್ ಬೀಳುತ್ತಿದ್ದರೆ ಬೆಂಕಿಯ ಅಪಾಯವೂ ಇದೆ.

ಪ್ಯಾಕಿಂಗ್ ಕೊಳ್ಳುವ ಮೊದಲು ಲೀಕ್ ಎಲ್ಲಿಂದ ಅಂತ ಖಾತ್ರಿ ಮಾಡಿಕೊಳ್ಳಿ. ಆಯಿಲ್ ಕೆಳಕ್ಕೆ ಹರಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಹಾಗಾಗಿ ಹನಿ ಬೀಳುವ ಜಾಗವೇ ಲೀಕ್ ಇರುವ ಜಾಗ ಆಗಿರಬೇಕಿಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗ ಹಳೇ ಬ್ರಷ್ ಮತ್ತು ಸ್ವಲ್ಪ ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದು ಒರೆಸಿ. ವೈರಿಂಗ್‌ಗೂ ಆಲ್ಟರ್ನೇಟರ್‌ಗೂ ತಾಗಿಸಬೇಡಿ. ಚೆನ್ನಾಗಿ ಒಣಗಿದ ಮೇಲೆ ಕವರ್ ಕೂರುವ ಗೆರೆಯ ಕೆಳಗೆ ಮುಖಕ್ಕೆ ಹಾಕುವ ಪೌಡರ್ ಉದುರಿಸಿ, ಹತ್ತು ಹದಿನೈದು ನಿಮಿಷ ಎಂಜಿನ್ ಓಡಿಸಿ. ಪೌಡರ್ ಎಲ್ಲಿ ಕಪ್ಪಗೆ ಒದ್ದೆಯಾಗುತ್ತದೋ ಅಲ್ಲಿಂದ ಮೇಲಕ್ಕೆ ನೋಡಿ. ಲೀಕ್ ಅಲ್ಲೇ ಇರುತ್ತದೆ.

ಟ್ಯಾಪೆಟ್ ಕವರ್ ಅಂತ ಖಾತ್ರಿಯಾದರೆ ಧೈರ್ಯವಾಗಿ ನೀವೇ ಮಾಡಿ. ಪ್ಯಾಕಿಂಗ್ ಬೆಲೆ ಕೆಲವು ನೂರು ರೂಪಾಯಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಒರಿಜಿನಲ್ಲೇ ತೆಗೆದುಕೊಳ್ಳಿ, ಇಲ್ಲಿ ಉಳಿತಾಯ ಮಾಡಬೇಡಿ. ನಿಮ್ಮ ಕೆ10 ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್‌ಗಳು ಕವರ್ ನಡುವಿನ ಆಳದ ಗುಂಡಿಗಳಲ್ಲಿ ಕೂತಿರುತ್ತವೆ. ಆ ಗುಂಡಿಗಳ ಸುತ್ತಲಿನ ಸೀಲ್‌ಗಳನ್ನೂ ಜೊತೆಗೇ ಬದಲಿಸಿ.

ಬ್ಯಾಟರಿಯ ನೆಗೆಟಿವ್ ತೆಗೆದು ಶುರು ಮಾಡಿ. ಪ್ಲಗ್‌ಗಳ ಮೇಲೆ ಕೂತಿರುವ ಮೂರು ಇಗ್ನಿಷನ್ ಕಾಯಿಲ್‌ಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರ್‌ದು ಅಂತ ಗುರುತು ಹಾಕಿಡಿ. ಕನೆಕ್ಟರ್‌ನ ಲಾಕ್ ಬಿಸಿಗೆ ಪೆಡಸಾಗಿರುತ್ತದೆ, ನಿಧಾನವಾಗಿ ಒತ್ತಿ. ಈಗ ಟಾರ್ಚ್ ಹಾಕಿ ಗುಂಡಿಯೊಳಗೆ ನೋಡಿ. ತಳದಲ್ಲಿ ಆಯಿಲ್ ಮಿನುಗುತ್ತಿದ್ದರೆ ಪ್ಲಗ್‌ಗೆ ಕೈ ಹಾಕಬೇಡಿ, ಬಿಚ್ಚಿದರೆ ಆಯಿಲ್ ಎಲ್ಲ ಸಿಲಿಂಡರ್‌ಗೆ ಇಳಿಯುತ್ತದೆ. ಉದ್ದ ಕಡ್ಡಿಗೆ ಬಟ್ಟೆ ಸುತ್ತಿ ಮೊದಲು ಹೀರಿ ತೆಗೆಯಿರಿ.

ಕವರ್ ಬೋಲ್ಟ್‌ಗಳನ್ನು ಅಂಚಿನಿಂದ ನಡುವಿಗೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕವರ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಲ್ಲಿ ಪಕ್ಕದಿಂದ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ, ಅಲ್ಯೂಮಿನಿಯಂ ಮೇಲೆ ಒಂದು ಗೀರು ಬಿದ್ದರೂ ಅಲ್ಲೇ ಹೊಸ ಲೀಕ್. ಕವರ್ ತೆಗೆದ ತಕ್ಷಣ ತೆರೆದ ಭಾಗಕ್ಕೆ ನೂಲು ಬಿಡದ ಬಟ್ಟೆ ಮುಚ್ಚಿ. ಹಳೇ ಪ್ಯಾಕಿಂಗ್ ಕೈಯಲ್ಲಿ ಬಗ್ಗಿಸಿ ನೋಡಿ, ಪಟ್ ಅಂತ ಮುರಿದರೆ ಕಾರಣ ಕೈಯಲ್ಲೇ ಸಿಕ್ಕಿತು.

ಈ ಕೆಲಸದ ಅರ್ಧ ಭಾಗ ಕ್ಲೀನ್ ಮಾಡುವುದೇ. ಕವರ್‌ನ ಪ್ಯಾಕಿಂಗ್ ಕೂರುವ ತೋಡಿನಲ್ಲೂ ಹೆಡ್‌ನ ಅಂಚಿನಲ್ಲೂ ಹಳೇ ಸಿಲಿಕಾನ್, ಆಯಿಲ್ ಏನೂ ಉಳಿಯಬಾರದು. ಪ್ಲಾಸ್ಟಿಕ್ ಚೂರಿನಲ್ಲಿ ಕೆರೆದು, ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಹೊಸ ರಬ್ಬರ್ ಪ್ಯಾಕಿಂಗನ್ನು ಒಣಗಿದ ತೋಡಿನಲ್ಲಿ ಹಾಗೇ ಕೂರಿಸಿ. ಟೈಮಿಂಗ್ ಚೈನ್ ಕವರ್ ಹೆಡ್‌ಗೆ ಸೇರುವ ಎರಡು ಮೂಲೆಗಳಲ್ಲಿ ಮಾತ್ರ ಹೆಸರುಕಾಳಿನಷ್ಟು ಸಿಲಿಕಾನ್ ಪೇಸ್ಟ್ ಸಾಕು.

ಬಹಳ ಜನ ಎಡವುವುದು ಬಿಗಿ ಮಾಡುವಾಗ. ಲೀಕ್ ಆಗಬಾರದು ಅಂತ ಬಲವಾಗಿ ತಿರುಗಿಸುತ್ತಾರೆ. ಈ ಬೋಲ್ಟ್‌ಗಳಿಗೆ ಬೇಕಾದ್ದು ತೀರಾ ಕಡಿಮೆ ಬಲ. ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 8ರಿಂದ 11 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಎಂಜಿನ್‌ನ ಸರಿಯಾದ ಅಳತೆ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಜಾಸ್ತಿಯಾದರೆ ರಬ್ಬರ್ ಹಿಂಡಿಹೋಗಿ ಹೊರಗೆ ಬರುತ್ತದೆ, ಇಲ್ಲವೇ ಹೆಡ್‌ನ ಥ್ರೆಡ್ಡೇ ಕಿತ್ತು ಬರುತ್ತದೆ. ಸಾಧ್ಯವಾದರೆ ಟಾರ್ಕ್ ರೆಂಚ್ (ಬಿಗಿ ಮಾಡುವ ಬಲ ಅಳೆಯುವ ಸ್ಪ್ಯಾನರ್) ಎರವಲು ತನ್ನಿ. ನಡುವಿನಿಂದ ಅಂಚಿಗೆ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಸಿಲಿಕಾನ್ ಹಾಕಿದ್ದರೆ ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು ಆಮೇಲೆ ಸ್ಟಾರ್ಟ್ ಮಾಡಿ.

ಪ್ರಶ್ನೆ: ನಮ್ಮ ಹಳೇ ಕಾರಿಗೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಎರಡು ಸಲ ಬದಲಿಸಿದ್ದಾಯಿತು. ಕೆಲವೇ ತಿಂಗಳಲ್ಲಿ ಮತ್ತೆ ಒದ್ದೆ. ಈ ಸಲ ಅನಾಬಾಂಡ್ ಸಿಲಿಕಾನ್ ಪೇಸ್ಟ್ ದಪ್ಪಗೆ ಬಳಿದು ಕೂರಿಸೋಣ ಅಂತಿದ್ದೇನೆ. ಸರಿನಾ?

ಉತ್ತರ: ದಯವಿಟ್ಟು ಬೇಡ. ದಪ್ಪಗೆ ಬಳಿದ ಪೇಸ್ಟ್ ಹೊರಗೆ ಎಷ್ಟು ಉಬ್ಬುತ್ತದೋ ಒಳಗೂ ಅಷ್ಟೇ ಉಬ್ಬುತ್ತದೆ. ಒಳಗಿನದು ಕಿತ್ತು ಆಯಿಲ್ ಜೊತೆ ಚೇಂಬರ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿದು ಪಂಪ್‌ನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಆಯಿಲ್ ಪ್ರೆಷರ್ ಬಿದ್ದರೆ ಎಂಜಿನ್ನೇ ಹೋಗುತ್ತದೆ.

ಹೊಸ ಪ್ಯಾಕಿಂಗ್ ಪದೇ ಪದೇ ಸೋರುತ್ತಿದೆ ಅಂದರೆ ಒಳಗಿನ ಒತ್ತಡ ನೋಡಬೇಕು. ಪಿಸ್ಟನ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗೆ ನುಸುಳುತ್ತದೆ. ಅದನ್ನು ಹೊರಗೆ ಎಳೆದು ಇನ್‌ಟೇಕ್‌ಗೆ ಕಳಿಸಲು ಪಿಸಿವಿ ಅನ್ನುವ ಒಂದು ಸಣ್ಣ ವಾಲ್ವ್ ಇದೆ, ಹೆಚ್ಚಿನ ಗಾಡಿಗಳಲ್ಲಿ ಟ್ಯಾಪೆಟ್ ಕವರ್ ಮೇಲೆ ಅಥವಾ ಅದರ ಹತ್ತಿರ. ಅದು ಮಡ್ಡಿ ಕಟ್ಟಿ ಮುಚ್ಚಿಕೊಂಡರೆ ಗ್ಯಾಸ್‌ಗೆ ದಾರಿ ಇಲ್ಲ. ಯಾವ ಸೀಲ್ ದುರ್ಬಲವಾಗಿದೆಯೋ ಅಲ್ಲಿಂದ ಆಯಿಲ್ ತಳ್ಳುತ್ತದೆ. ವಾಲ್ವ್ ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿ. ಸಾಮಾನ್ಯವಾಗಿ ಟಕ್ ಟಕ್ ಅಂತ ಸದ್ದು ಬರಬೇಕು. ಬರದಿದ್ದರೆ ಬದಲಿಸಿ. ಹೋಸ್‌ನೊಳಗೂ ಕೆಸರು ಇದೆಯಾ ನೋಡಿ.

ಅದೆಲ್ಲ ಸರಿಯಿದ್ದೂ ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಅಂತ ಜೋರಾಗಿ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಆಗ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒತ್ತಡದ ಪರೀಕ್ಷೆ) ಮಾಡಿಸಿ.

ಪ್ರಶ್ನೆ: ನನ್ನ ಸ್ಪ್ಲೆಂಡರ್ ಬೈಕಿನ ಎಡಗಡೆ, ಗೇರ್ ಲಿವರ್ ಹತ್ತಿರ ಆಯಿಲ್ ಹನಿಯುತ್ತದೆ. ಎಂಜಿನ್ ಬಿಚ್ಚಬೇಕಾ ಸರ್?

ಉತ್ತರ: ಬೇಕಾಗಿಲ್ಲ. ಮೊದಲು ಅದು ಎಂಜಿನ್ ಆಯಿಲ್ಲೇ ಹೌದಾ ನೋಡಿ. ಚೈನ್‌ಗೆ ಹಾಕಿದ ಎಣ್ಣೆ ಮುಂದಿನ ಸ್ಪ್ರಾಕೆಟ್ ಹತ್ತಿರ ಎರಚಿ, ಕವರ್ ಒಳಗೆ ಶೇಖರವಾಗಿ, ಅಲ್ಲೇ ಹನಿಯುವುದು ಬಹಳ ಸಾಮಾನ್ಯ. ತೊಳೆದು, ಚೈನ್‌ಗೆ ಏನೂ ಹಾಕದೆ ಒಂದೆರಡು ದಿನ ಓಡಿಸಿ. ಆಮೇಲೂ ಬಂದರೆ ಗೇರ್ ಶಾಫ್ಟ್‌ನ ಆಯಿಲ್ ಸೀಲ್ ಅಥವಾ ಸ್ಪ್ರಾಕೆಟ್ ಹಿಂದಿನ ಸೀಲ್ ಹೋಗಿರುತ್ತದೆ.

ಸೀಲ್ ಮುಖದ ಮೇಲೆ ಮೂರು ಸಂಖ್ಯೆ ಇರುತ್ತವೆ: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಅಂಗಡಿಗೆ ಹಳೇ ಸೀಲನ್ನೇ ತೆಗೆದುಕೊಂಡು ಹೋಗಿ. ಆಯಿಲ್ ಇಳಿಸಿ, ಗೇರ್ ಲಿವರ್ ಬಿಚ್ಚಿ, ಸ್ಪ್ರಾಕೆಟ್ ಕವರ್ ತೆಗೆಯಿರಿ. ಸೀಲ್‌ನ ತಗಡಿನಲ್ಲಿ ಸಣ್ಣ ತೂತು ಮಾಡಿ ಸ್ಕ್ರೂ ತಿರುಗಿಸಿ, ಇಕ್ಕಳದಲ್ಲಿ ಹಿಡಿದು ಎಳೆದರೆ ಬರುತ್ತದೆ. ಶಾಫ್ಟ್‌ಗೆ ಗೀರು ಬೀಳಬಾರದು. ಶಾಫ್ಟ್ ಒರೆಸಿ, ಸೀಲ್‌ನ ತುಟಿ (ಶಾಫ್ಟ್‌ಗೆ ತಾಗುವ ರಬ್ಬರ್ ಅಂಚು) ಕೂರುವ ಜಾಗದಲ್ಲಿ ಉಗುರು ಆಡಿಸಿ. ಗುಂಡಿ ತಾಗಿದರೆ ಹೊಸ ಸೀಲ್ ಕೂಡ ಜಾಸ್ತಿ ದಿನ ಬಾಳುವುದಿಲ್ಲ.

ಹೊಸ ಸೀಲ್‌ನ ಸ್ಪ್ರಿಂಗ್ ಇರುವ ಮುಖ ಎಂಜಿನ್ ಒಳಗಿನ ಆಯಿಲ್ ಕಡೆಗಿರಬೇಕು. ತುಟಿಗೆ ಗ್ರೀಸ್ ಹಚ್ಚಿ. ಶಾಫ್ಟ್ ತುದಿಯ ಹಲ್ಲುಗಳಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಜಾರಿಸುವಾಗಲೇ ತುಟಿ ಕೊಯ್ಯುತ್ತದೆ. ಸೀಲ್‌ನಷ್ಟೇ ಅಗಲದ ಸಾಕೆಟ್ ಅಥವಾ ಪಿವಿಸಿ ಪೈಪ್ ತುಂಡು ಇಟ್ಟು, ಎಲ್ಲ ಕಡೆ ಸಮ ಹೋಗುವಂತೆ ಮೆಲ್ಲಗೆ ತಟ್ಟಿ, ಹಳೆಯದು ಇದ್ದ ಆಳಕ್ಕೆ ಕೂರಿಸಿ. ಇಳಿಸಿದ ಆಯಿಲ್ ಮೋರಿಗಾಗಲಿ ಮಣ್ಣಿಗಾಗಲಿ ಸುರಿಯಬೇಡಿ, ಕ್ಯಾನ್‌ನಲ್ಲಿ ತುಂಬಿ ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಪ್ರಶ್ನೆ: ಕಾರಿನ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಹನಿ ಬೀಳುತ್ತಿದೆ. ಜಾಕ್ ಹಾಕಿ ನಾನೇ ಸೀಲ್ ಬದಲಿಸಲಾ?

ಉತ್ತರ: ಇದನ್ನು ಗ್ಯಾರೇಜಿಗೇ ಬಿಡಿ. ಅಲ್ಲಿ ಸಾಮಾನ್ಯವಾಗಿ ಸೋರುವುದು ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್ ಹಿಂದಿನ ತುದಿಯ ಸೀಲ್, ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಬರೀ ಜಾಕ್ ನಂಬಿ ಅಥವಾ ಇಟ್ಟಿಗೆ ಜೋಡಿಸಿ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ಕೊಡುವ ಮೊದಲು ಟ್ಯಾಪೆಟ್ ಕವರ್‌ನ ಹಿಂಭಾಗ ಮತ್ತು ಆಯಿಲ್ ಪ್ರೆಷರ್ ಸ್ವಿಚ್ ಒಣಗಿವೆಯಾ ನೋಡಿಕೊಳ್ಳಿ, ಅಲ್ಲಿಂದ ಇಳಿದ ಆಯಿಲ್ಲೂ ಇದೇ ಜಾಗದಲ್ಲಿ ಹನಿಯುತ್ತದೆ. ಹನಿಗೆ ಗಂಧಕದಂಥ ಖಾರ ವಾಸನೆ ಇದ್ದರೆ ಅದು ಗೇರ್ ಆಯಿಲ್, ಸೀಲ್ ಬೇರೆ. ಕ್ಲಚ್ ಜಾರುತ್ತಿದ್ದರೆ ಕೂಡಲೇ ತೋರಿಸಿ. ಗೇರ್‌ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟ್ ನಿಮ್ಮೆದುರೇ ಪರೀಕ್ಷಿಸಲು ಹೇಳಿ. ಅದಕ್ಕೆ ಆಯಿಲ್ ಹತ್ತಿದ್ದರೆ ಅದನ್ನೂ ಆಗಲೇ ಬದಲಿಸಿಬಿಡಿ, ಲೇಬರ್ ಎರಡು ಸಲ ಕೊಡುವುದು ತಪ್ಪುತ್ತದೆ.