ನಿಮ್ಮ ಲೇಖನ ಆರನೆಯ ಪುಟದಲ್ಲಿದೆ

ಮಾನ್ಯರೇ,

ರಿಸರ್ವ್ ಬ್ಯಾಂಕಿನ ಮೇಲಿನ ರಾಜಕೀಯ ಒತ್ತಡವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ನಿಮ್ಮ ಕಾಳಜಿ ನಿಜವಾದದ್ದು, ಭಾಷೆಯೂ ಹದವಾಗಿದೆ. ಆದರೆ ಎಂಟು ಪುಟಗಳುದ್ದಕ್ಕೂ ‘ಒತ್ತಡ’ ಎಂಬ ಪದ ಬರುತ್ತದೆಯೇ ಹೊರತು, ಆ ಒತ್ತಡ ಯಾವ ದಾರಿಯಿಂದ ಬಂದು ಯಾವುದರ ಮೇಲೆ ಬಿತ್ತು ಎಂಬುದು ತಿಳಿಯುವುದಿಲ್ಲ.

ಮೊದಲು ತಪ್ಪುಗಳು. ‘ಸಂವಿಧಾನದತ್ತ ಸ್ವಾಯತ್ತತೆ’ ಎಂದಿದ್ದೀರಿ. ಅಂಥದ್ದೇನೂ ಇಲ್ಲ. ರಿಸರ್ವ್ ಬ್ಯಾಂಕ್ 1934ರ ಕಾಯ್ದೆಯ ಕೂಸು. ಗವರ್ನರ್ ಜೊತೆ ಸಮಾಲೋಚಿಸಿ, ಸಾರ್ವಜನಿಕ ಹಿತಾಸಕ್ತಿಯ ಹೆಸರಿನಲ್ಲಿ ಬ್ಯಾಂಕಿಗೆ ನಿರ್ದೇಶನ ನೀಡುವ ಅಧಿಕಾರವನ್ನು ಅದೇ ಕಾಯ್ದೆಯ 7ನೇ ಸೆಕ್ಷನ್ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ನಿಮ್ಮ ವಾದ ಎದುರಿಸಬೇಕಾದದ್ದು ಈ ಸೆಕ್ಷನ್ನನ್ನು, ನೀವು ಅದರ ಹೆಸರನ್ನೂ ಎತ್ತಿಲ್ಲ. 2019ರಲ್ಲಿ ಸರ್ಕಾರ ರಿಸರ್ವ್ ಬ್ಯಾಂಕಿನಿಂದ 1,76,051 ಕೋಟಿ ರೂಪಾಯಿ ‘ದೋಚಿತು’ ಎಂಬುದೂ ಹಾಗೆಯೇ. ಅದರಲ್ಲಿ 1,23,414 ಕೋಟಿ ಆ ವರ್ಷದ ಮಿಗುತೆ. ಉಳಿದ 52,637 ಕೋಟಿ, ಬ್ಯಾಂಕ್ ಎಷ್ಟು ಮೀಸಲು ಇಟ್ಟುಕೊಳ್ಳಬೇಕೆಂದು ಬಿಮಲ್ ಜಲಾನ್ ಸಮಿತಿ ಸೂಚಿಸಿದ ಚೌಕಟ್ಟಿನ ಪ್ರಕಾರ ಅಗತ್ಯಕ್ಕಿಂತ ಹೆಚ್ಚೆಂದು ಕಂಡ ಮೀಸಲು. ಜಗಳವೇ ಬೇಕಿದ್ದರೆ ಈ ಎರಡನೆಯ ಅಂಕಿಯೊಡನೆ ಆಡಿ. ಆಗಿನ ಗವರ್ನರ್ ಊರ್ಜಿತ್ ಪಟೇಲ್ 2018ರ ಡಿಸೆಂಬರ್ 10ರಂದು ರಾಜೀನಾಮೆಗೆ ಕೊಟ್ಟ ಕಾರಣ ‘ವೈಯಕ್ತಿಕ’. ಅವರ ಮನಸ್ಸಿನೊಳಗೆ ಹೊಕ್ಕು ನೀವು ಬರೆದ ಎರಡು ಪುಟಗಳನ್ನು ತೆಗೆದುಬಿಡಿ.

ಆರನೆಯ ಪುಟದಲ್ಲಿ ಐವತ್ತರ ದಶಕದ ಗವರ್ನರ್ ಬೆನಗಲ್ ರಾಮರಾವ್ ಒಂದೇ ಸಾಲಿನಲ್ಲಿ ಬಂದುಹೋಗುತ್ತಾರೆ. ನಿಮ್ಮ ಲೇಖನವಿರುವುದು ಅಲ್ಲಿ. 1956ರ ಕೊನೆಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಬ್ಯಾಂಕ್ ದರವನ್ನು, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರವನ್ನು, ಮುಟ್ಟಲಿಲ್ಲ, ಹುಂಡಿಗಳ (ವ್ಯಾಪಾರದಲ್ಲಿ ಹಣ ಪಾವತಿಗೆ ಬಳಸುವ ಪತ್ರಗಳ) ಮೇಲಿನ ಸ್ಟಾಂಪ್ ಶುಲ್ಕವನ್ನು ಏರಿಸಿದರು. ಬ್ಯಾಂಕುಗಳು ಮುದ್ದತು ಹುಂಡಿಗಳ, ಅಂದರೆ ಗೊತ್ತುಪಡಿಸಿದ ಅವಧಿಯ ನಂತರ ಹಣ ಸಲ್ಲುವ ಹುಂಡಿಗಳ, ಆಧಾರದ ಮೇಲೆ ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುತ್ತಿದ್ದುದರಿಂದ, ಶುಲ್ಕ ಏರಿದೊಡನೆ ಆ ಸಾಲ ದುಬಾರಿಯಾಯಿತು. ಅಂದರೆ ದರ ಕಾಗದದ ಮೇಲೆ ಶೇ 3.5ರಲ್ಲೇ ಇದ್ದರೂ, ಅದನ್ನು ನಿಗದಿ ಮಾಡುವ ಕೈ ಮುಂಬಯಿಯ ರಿಸರ್ವ್ ಬ್ಯಾಂಕಿನದಾಗಿ ಉಳಿದಿರಲಿಲ್ಲ. ರಾಮರಾವ್ ಆಕ್ಷೇಪಿಸಿದರು, ನೆಹರೂ ಸಚಿವರ ಪರ ನಿಂತರು, ಏಳೂವರೆ ವರ್ಷ ಗವರ್ನರ್ ಆಗಿದ್ದವರು 1957ರ ಜನವರಿಯಲ್ಲಿ ಹುದ್ದೆ ಬಿಟ್ಟರು. ಸಂವಿಧಾನ ಸಭೆಯ ಸಲಹೆಗಾರ ಬಿ.ಎನ್. ರಾಯರ ಈ ತಮ್ಮ ನಮ್ಮ ಕರಾವಳಿಯ ಮನೆತನದವರೆಂದು ಒಂದು ಮಾತು ಹೇಳಬಹುದು, ಅದನ್ನೇ ಹಿಗ್ಗಿಸಿ ಪ್ಯಾರಾ ಮಾಡಬೇಡಿ.

ಟರ್ಕಿಯ ಭಾಗದಲ್ಲಿ ವಿಶೇಷಣಗಳನ್ನು ಕಳೆದು ಸಂಗತಿಯನ್ನಷ್ಟೇ ಉಳಿಸಿ: 2021ರ ಮಾರ್ಚ್‌ನಲ್ಲಿ ಬಡ್ಡಿದರವನ್ನು ಶೇ 17ರಿಂದ 19ಕ್ಕೆ ಏರಿಸಿದ ಎರಡೇ ದಿನಕ್ಕೆ ಅಲ್ಲಿನ ಕೇಂದ್ರ ಬ್ಯಾಂಕಿನ ಗವರ್ನರ್ ನಾಜಿ ಅಗ್ಬಾಲ್ ವಜಾ ಆದರು.

ಹುಂಡಿಗೆ ಅಂಟಿಸುವ ಸ್ಟಾಂಪಿನಿಂದ ಆರಂಭಿಸಿ, ನಾಲ್ಕು ಪುಟ ಮೀರದಂತೆ ಮತ್ತೆ ಬರೆದು ಕಳುಹಿಸಿ. ನಾನೇ ಓದುತ್ತೇನೆ.

ಇಂತಿ,
ಸಂಪಾದಕ