ಹಳೇ ಪೈಥಾನ್ ಕೈ ಬಿಡೋದು ಯಾವಾಗ?

ಪ್ರಶ್ನೆ: ‘ನುಡಿ’ ಕನ್ನಡ ತಂತ್ರಾಂಶದ ಹಳೇ ಆಸ್ಕಿ ಅಕ್ಷರಗಳನ್ನು ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್‌ಗೆ ಬದಲಿಸುವ ಚಿಕ್ಕ ಲೈಬ್ರರಿಯೊಂದನ್ನು (ಬೇರೆ ಪ್ರೋಗ್ರಾಂಗಳೂ ಬಳಸಬಹುದಾದ ಕೋಡ್) ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಉಚಿತವಾಗಿ ಹಂಚಿದ್ದೇನೆ. ಈಗಲೂ ಪೈಥಾನ್ 3.8ಕ್ಕೆ ಸಪೋರ್ಟ್ ಇದೆ. ಗೆಳೆಯರು “ಅದರ ಕಾಲ ಮುಗೀತು, ತೆಗೆದುಹಾಕು” ಅನ್ನುತ್ತಾರೆ. ಆದರೆ ಇಲ್ಲಿನ ಡಿಟಿಪಿ ಅಂಗಡಿಗಳಲ್ಲಿ ಇರುವುದು ಅದೇ. ಏನು ಮಾಡಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಗೆಳೆಯರು ಹೇಳಿದ್ದು ಸುಳ್ಳಲ್ಲ. ಪೈಥಾನ್‌ನ ಒಂದೊಂದು ಆವೃತ್ತಿಗೂ ಸುಮಾರು 5 ವರ್ಷ ಆಯಸ್ಸು. 2019ರ ಅಕ್ಟೋಬರ್‌ನಲ್ಲಿ ಬಂದ 3.8ರ ಲೆಕ್ಕ 2024ರ ಅಕ್ಟೋಬರ್‌ಗೆ ಚುಕ್ತಾ ಆಯಿತು. ಇನ್ನು ಅದರಲ್ಲಿ ಭದ್ರತೆಯ ತೂತು ಸಿಕ್ಕರೂ ಪೈಥಾನ್ ತಂಡ ಮುಚ್ಚುವುದಿಲ್ಲ.

ಆದರೆ ಅಂಗಡಿಯವರು 3.8ರಲ್ಲೇ ಯಾಕೆ ಕೂತಿದ್ದಾರೆ ಅಂತ ಕೇಳಿದ್ದೀರಾ? ನನ್ನ ಅನುಮಾನ, ಆ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದೆ. ಪುಟ ಜೋಡಿಸುವ ಹಳೇ ಪೇಜ್‌ಮೇಕರ್ ತಂತ್ರಾಂಶ ಕೆಟ್ಟೀತು ಅಂತ ಅದನ್ನು ಯಾರೂ ಮುಟ್ಟಿರುವುದಿಲ್ಲ. ವಿಂಡೋಸ್ 7ರಲ್ಲಿ ಓಡುವ ಕೊನೆಯ ಪೈಥಾನೇ 3.8. ಮುಂದಿನದು ಇನ್‌ಸ್ಟಾಲೇ ಆಗುವುದಿಲ್ಲ. “ಅಪ್‌ಡೇಟ್ ಮಾಡ್ಕೊಳ್ಳಿ ಸ್ವಾಮಿ” ಅಂದರೆ ಅವರ ಕಿವಿಗೆ ಕೇಳುವುದು “ಹೊಸ ಕಂಪ್ಯೂಟರ್ ತಗೊಳ್ಳಿ” ಅಂತ.

ಆದರೂ ಕೈ ಬಿಡಿ. ನುಡಿಯ ಹಳೇ ಅಕ್ಷರಗಳ ಸಂಕೇತ ಇನ್ನು ಬದಲಾಗುವುದಿಲ್ಲ ಅಲ್ವಾ? ಇವತ್ತು ಸರಿಯಾಗಿ ಓಡುವ ನಿಮ್ಮ ಆವೃತ್ತಿ ಆ ಅಂಗಡಿಗೆ ನಾಳೆಗೂ ಸಾಕು. ಅವರಿಗೆ ಹೊಸದು ಬೇಕಾಗೇ ಇಲ್ಲ, ಹಳೆಯದು ಕೈಗೆ ಸಿಕ್ಕರೆ ಆಯಿತು.

ಇಲ್ಲೇ ನಾನು ಎಡವಿದ್ದು. ಮೈಸೂರಿನ ಒಂದು ಅಂಗಡಿಗೆ ಲಗ್ನಪತ್ರಿಕೆ ಲಕೋಟೆಗಳ ಮೇಲೆ ವಿಳಾಸ ಅಚ್ಚು ಹಾಕುವ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. 2020ರ ಜನವರಿ 1ಕ್ಕೆ ಪೈಥಾನ್ 2ರ ಸಪೋರ್ಟ್ ನಿಂತಿತಲ್ಲ, ಅದೇ ಹುಮ್ಮಸ್ಸಿನಲ್ಲಿ ಕೋಡ್ ತುಂಬಾ ಎಫ್-ಸ್ಟ್ರಿಂಗ್ (ಪೈಥಾನ್ 2ಕ್ಕೆ ಅರ್ಥವೇ ಆಗದ ಹೊಸ ಬರವಣಿಗೆ) ಹಾಕಿ, ಒಂದು ಸಣ್ಣ ತಿದ್ದುಪಡಿ ಅಂತ ಸುಮ್ನೆ ಬಿಡುಗಡೆ ಮಾಡಿದೆ. ಅಂಗಡಿಯಲ್ಲಿದ್ದದ್ದು 2.7. ಬೆಳಗ್ಗೆ ಅಪ್‌ಡೇಟ್ ಆದದ್ದೇ ತಡ, ಸಿಂಟ್ಯಾಕ್ಸ್ ಎರರ್. ಮದುವೆ ಸೀಸನ್ ಬೇರೆ. ಹುಡುಗಿಯ ಅಪ್ಪ ಅಂಗಡಿಯಲ್ಲೇ ಕೂತಿದ್ದಾರೆ ಅಂತ ಫೋನ್ ಬಂತು. ನಾನು ಸ್ಕೂಟರ್ ಹತ್ತಿದೆ.

ತಪ್ಪಿದ್ದು ಒಂದೇ ಒಂದು ಸಾಲು. ಪ್ಯಾಕೇಜಿನ ವಿವರದಲ್ಲಿ ‘ರಿಕ್ವೈರ್ಸ್-ಪೈಥಾನ್’ ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಕನಿಷ್ಠ ಆವೃತ್ತಿ ಬರೆದರೆ, ಹಳೇ ಪೈಥಾನ್ ಇರುವ ಕಡೆ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ತಾನೇ ಹಿಂದೆ ಸರಿದು ಅದಕ್ಕೆ ಹೊಂದುವ ಹಳೇ ಬಿಡುಗಡೆಯನ್ನು ತಂದುಕೊಡುತ್ತದೆ. ಅಂಗಡಿಯವರಿಗೆ ಗೊತ್ತೂ ಆಗುವುದಿಲ್ಲ.

ಹಾಗಾಗಿ 3.8ಕ್ಕೆ ಅಂತ ಕೊನೆಯ ಬಿಡುಗಡೆಯೊಂದನ್ನು ಚೆನ್ನಾಗಿ ಪರೀಕ್ಷಿಸಿ ಹೊರಬಿಡಿ. ಅದನ್ನು ಯಾವತ್ತೂ ಅಳಿಸಬೇಡಿ. ಆಮೇಲೆ ಮುಂದಿನ ದೊಡ್ಡ ಆವೃತ್ತಿಯಲ್ಲಿ ಕೈ ಬಿಡಿ. 3.9ರ ಅವಧಿಯೂ 2025ರ ಅಕ್ಟೋಬರ್‌ಗೆ ಮುಗಿದಿದೆ. ಎರಡೆರಡು ಸಲ ತಲೆನೋವು ಯಾಕೆ, ಒಟ್ಟಿಗೇ ತೆಗೆದು ಕನಿಷ್ಠ 3.10 ಅಂತ ಬರೆದುಬಿಡಿ. ಆಷಾಢದಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಲಗ್ನಪತ್ರಿಕೆಯ ಕೆಲಸ ಇರುವುದಿಲ್ಲ.