ಸಾವಿರ ಅಡಿ ಆಳದ ನೀರು ಏಕೆ ಶುದ್ಧವಲ್ಲ?

ಬಾಗೇಪಲ್ಲಿ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ನಮ್ಮೂರ ಕೊಳವೆಬಾವಿ ಸಾವಿರ ಅಡಿ ಆಳದ್ದು. ಅಷ್ಟು ಕೆಳಗೆ ಯಾವ ಕೊಳೆ ಇಳಿದೀತು? ನೀರು ಕನ್ನಡಿಯಂತಿದೆ, ಟಿಡಿಎಸ್ ಮೀಟರ್ 400 ತೋರಿಸುತ್ತದೆ. ಆದರೂ ಕಾಯಿಸಿಯೇ ಕುಡಿಯುತ್ತೇವೆ. ಹಾಗಿದ್ದೂ ದೊಡ್ಡ ಮೊಮ್ಮಗಳ ಹಲ್ಲು ಕಂದುಗಟ್ಟಿದೆ. ಆಸ್ಪತ್ರೆಯಲ್ಲಿ ನೀರು ಬದಲಿಸಿ ಎಂದರು. ಹಿರಿಯರು ಕೆರೆ, ಬಾವಿ ನೀರು ಕುಡಿದೇ ಗಟ್ಟಿಮುಟ್ಟಾಗಿದ್ದರು. ಊರಿನ ಶುದ್ಧ ನೀರಿನ ಘಟಕದ ನೀರಿನಲ್ಲಿ ಸತ್ವವೇ ಇಲ್ಲವಂತೆ. ಚಿಕ್ಕ ಮೊಮ್ಮಗನಿಗೆ ಎರಡು ವರ್ಷ. ಅವನಿಗೆ ಯಾವ ನೀರು ಕೊಡಲಿ?’

ಮಾನ್ಯರೇ,

ಅಷ್ಟು ಆಳಕ್ಕೆ ಊರಿನ ಕೊಳೆ ಸುಲಭವಾಗಿ ಇಳಿಯದು ಎಂಬ ನಿಮ್ಮ ಮಾತು ಸರಿಯಾಗಿಯೇ ಇದೆ. ನಿಮ್ಮ ನೀರಿಗೆ ತೊಂದರೆ ಬಂದಿರುವುದು ಬಂಡೆಯಿಂದ. ಚಿಕ್ಕಬಳ್ಳಾಪುರ, ಕೋಲಾರ, ಪಾವಗಡದ ಸೀಮೆಯಲ್ಲಿ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಅದರೊಳಗಿನ ಫ್ಲೋರೈಟ್, ಅಪಟೈಟ್, ಕಾಗೆಬಂಗಾರದ ಜಾತಿಯ ಬಯೊಟೈಟ್ ಮುಂತಾದ ಖನಿಜಗಳಲ್ಲಿ ಫ್ಲೋರೈಡ್ ಇದೆ. ಮಿತಿ ಮೀರಿದರೆ ಬೆಳೆಯುವ ಮಕ್ಕಳ ಹಲ್ಲು ಕಂದುಗಟ್ಟಿಸುವುದು ಇದೇ. ಬಂಡೆಯ ಬಿರುಕಿನಲ್ಲಿ ನೀರು ಎಷ್ಟು ಕಾಲ ನಿಲ್ಲುತ್ತದೋ ಅಷ್ಟೂ ಅದು ಕರಗಿ ಸೇರುತ್ತದೆ. ಬಾವಿ ಆಳವಾದಷ್ಟೂ ಸಾಮಾನ್ಯವಾಗಿ ನೀರು ಹಳೆಯದು. ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಬಹಳ ಕರಗಗೊಡುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಿರುವ, ಸೋಪು ಚೆನ್ನಾಗಿ ನೊರೆ ಬರುವ ಮೆದುನೀರಿನಲ್ಲೇ ಅದು ಸಲೀಸಾಗಿ ಏರುತ್ತದೆ. ಹಾಗಾಗಿ ‘ನಮ್ಮ ನೀರು ಸಿಹಿ, ಗಡಸಿಲ್ಲ’ ಎಂದು ನೆಮ್ಮದಿಯಿಂದ ಇರುವಂತಿಲ್ಲ.

ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ನಿಮ್ಮ ಮೀಟರು ತೋರಿಸಿದ 400ರೊಳಗೆ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಅದು ನಿಮಗೆ ಗೊತ್ತಾಗುವ ದಾರಿಯೇ ಇಲ್ಲ. ಆ ಮೀಟರು ಅಳೆಯುವುದು ನೀರು ಎಷ್ಟು ವಿದ್ಯುತ್ ಹರಿಯಗೊಡುತ್ತದೆ ಎಂಬುದನ್ನು. ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಹೇಳುತ್ತದೆ. ಯಾವ ಲವಣ ಎಷ್ಟಿದೆ ಎಂದು ಹೇಳದು, ರೋಗಾಣುಗಳ ಸುದ್ದಿಯಂತೂ ಅದಕ್ಕೆ ತಿಳಿಯದು. ಮನೆಬಾಗಿಲಿಗೆ ಬಂದು ಮೀಟರು ಅದ್ದಿ ತೋರಿಸಿ ಯಂತ್ರ ಮಾರುವವರನ್ನು ಈ ಕಾರಣಕ್ಕೇ ನಂಬಬೇಡಿ. ಇನ್ನು ಕಾಯಿಸುವುದು. ಕುದಿ ಬಂದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಎಲ್ಲೂ ಹೋಗುವುದಿಲ್ಲ. ನೀರು ಆವಿಯಾಗಿ ಇಂಗಿದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ.

ಹಿರಿಯರ ಮಾತಿಗೆ ಬರೋಣ. ಕೆರೆಯ ಹಿಂದಿನ ತೆರೆದ ಬಾವಿಯಲ್ಲಿ ಮಳೆನೀರು ಬಂಡೆಯೊಡನೆ ಹೆಚ್ಚು ಕಾಲ ಇರುತ್ತಿರಲಿಲ್ಲ, ಅದರಿಂದ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಆದರೆ ಅದೇ ನೀರು ಕಾಲರಾ ತಂದದ್ದನ್ನು ಮರೆಯಲಾಗದು. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳು ನಾರುಹುಣ್ಣು ಹರಡುತ್ತಿದ್ದವು. ನೀರಿನ ಸಣ್ಣ ಜೀವಿಯ ಜೊತೆ ಮರಿಹುಳು ಹೊಟ್ಟೆ ಸೇರಿ, ಸುಮಾರು ವರ್ಷದ ನಂತರ ಮೊಳಕ್ಕೂ ಮೀರಿದ ಹುಳುವಾಗಿ ಕಾಲಿನ ಹುಣ್ಣಿನಿಂದ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯಬೇಕಿತ್ತು. ಅದೇ ಕಾಲಿನಲ್ಲಿ ಬಾವಿಗಿಳಿದರೆ ಹುಳು ಮತ್ತೆ ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಮೆಟ್ಟಿಲು ಬಾವಿ ಮುಚ್ಚಿಸಿ, ನೀರು ಸೋಸಿ ಕುಡಿಯುವುದನ್ನು ಕಲಿಸಿ, ಕೈಪಂಪು ಹಾಕಿಸಿದ ಮೇಲೆಯೇ ಈ ಪಿಡುಗು ತೊಲಗಿದ್ದು; 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಸಾರಿತು. ಕೊಳವೆಬಾವಿ ಅಂದು ನಿಜಕ್ಕೂ ಜೀವ ಉಳಿಸಿತು. ಅಂತರ್ಜಲ ಕುಸಿದು ನಾವು ಇನ್ನೂರು ಅಡಿಯಿಂದ ಸಾವಿರಕ್ಕೆ ಇಳಿದಂತೆ, ಹೊಸ ಅಪಾಯ ಮೇಲೆ ಬಂತು.

ಅದಕ್ಕೇ ನಾನು ಪದೇ ಪದೇ ಕೇಳುವುದು, ನೀರು ಎಲ್ಲಿಯದು ಎಂದು. ಮಲೆನಾಡಿನ ತೆರೆದ ಬಾವಿಯವರು ಶೌಚಗುಂಡಿ ಎಷ್ಟು ದೂರವಿದೆ ಎಂದು ನೋಡಬೇಕು, ಮಳೆಗಾಲದಲ್ಲಿ ಕುದಿಸಲೇಬೇಕು. ನಲ್ಲಿ ನೀರಿನವರಿಗೆ ಕೊಳವೆ ಒಡೆದು ಚರಂಡಿ ಸೇರುವ ಭಯ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಲ್ಲಿ ಕ್ಲೋರಿನ್ ಬೇಕು. ನಿಮ್ಮಲ್ಲಿ ಕ್ಲೋರಿನ್ ಹಾಕಿದರೂ ಹಲ್ಲಿನ ಕಲೆ ತಪ್ಪದು.

ನೀರನ್ನು ತೆಳು ಪೊರೆಯ ಮೂಲಕ ಒತ್ತಿ ಸೋಸುವ ಘಟಕದ ಆರ್‌ಒ ಯಂತ್ರ ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತದೆ. ಜೊತೆಗೆ ಬೇರೆ ಲವಣಗಳೂ ಹೋಗುವುದು ನಿಜ. ಆದರೆ ನಮ್ಮ ಮೈಗೆ ಕ್ಯಾಲ್ಸಿಯಂ ಮುಖ್ಯವಾಗಿ ಬರುವುದು ರಾಗಿ, ಹಾಲು, ಸೊಪ್ಪಿನಿಂದ. ಸತ್ವದ ಚಿಂತೆಗೆ ಫ್ಲೋರೈಡ್ ನೀರು ಕುಡಿಯುವುದು ಸರಿಯಾದ ಲೆಕ್ಕವಲ್ಲ. ನನಗೆ ಚಿಂತೆಯಿರುವುದು ಬೇರೆ ಕಡೆ. ಪೊರೆ ಹಳತಾದರೂ ಘಟಕ ನೀರು ಕೊಡುತ್ತಲೇ ಇರುತ್ತದೆ, ಆದ್ದರಿಂದ ಹೊರಬರುವ ನೀರನ್ನೂ ಆಗಾಗ ಪರೀಕ್ಷಿಸಬೇಕು. ಮತ್ತೆ, ಎಷ್ಟೋ ಮನೆಗಳಲ್ಲಿ ಕ್ಯಾನಿನ ನೀರು ಕುಡಿಯಲು ಮಾತ್ರ. ಮುದ್ದೆಗೆ ಎಸರಿಡುವುದು, ಸಾರು ಮಾಡುವುದು ಬೋರಿನ ನೀರಿನಲ್ಲೇ. ಆ ಫ್ಲೋರೈಡೆಲ್ಲ ಊಟದ ಜೊತೆ ಹೊಟ್ಟೆಗೇ ಹೋಗುತ್ತದೆ. ಅಡುಗೆಗೂ ಘಟಕದ ನೀರೇ ಇರಲಿ. ಚಾವಣಿಯ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆ ಬಿಟ್ಟು ತೊಟ್ಟಿಗೆ ತುಂಬಿಸಿದರೆ ಅದೂ ಆದೀತು, ಅದನ್ನು ಮಾತ್ರ ಕುದಿಸಿಯೇ ಕುಡಿಯಿರಿ.

ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯೇ ಕೇಳಿ. ಹಲವು ಕಿಟ್‌ಗಳಲ್ಲಿ ದ್ರಾವಣದ ಕೆಂಪು ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಖಚಿತ ಅಂಕಿಗೆ ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಲು ಹೇಳಿ. ‘ಕುಡಿಯಲು ಯೋಗ್ಯ’ ಎಂಬ ಒಂದು ಸಾಲಿನ ಉತ್ತರಕ್ಕೆ ಒಪ್ಪದೆ ಫ್ಲೋರೈಡ್ ಎಷ್ಟು ಎಂದು ಬರೆದುಕೊಡಲು ಕೇಳಿ. ಅದು ನಿಮ್ಮ ಹಕ್ಕು.

ದೊಡ್ಡ ಮೊಮ್ಮಗಳ ಹಲ್ಲಿನ ಕಲೆ ಇನ್ನು ನೀರು ಬದಲಿಸಿದರೂ ಹೋಗದು, ದಂತವೈದ್ಯರಿಗೆ ತೋರಿಸಿ. ಆದರೆ ಅವಳ ಮೂಳೆಗಳಿಗೂ ನಿಮ್ಮೆಲ್ಲರ ಮೂಳೆಗಳಿಗೂ ಒಳ್ಳೆಯ ನೀರು ಬೇಕು; ಫ್ಲೋರೈಡ್ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ. ಚಿಕ್ಕವನ ಶಾಶ್ವತ ಹಲ್ಲುಗಳು ಈಗ ಒಸಡಿನೊಳಗೆ ರೂಪುಗೊಳ್ಳುತ್ತಿವೆ, ಎಂಟು ವರ್ಷದವರೆಗೂ ಅವಕ್ಕೆ ಅಪಾಯವಿದೆ. ವರದಿ ಬರಲಿ ಎಂದು ಕಾಯಬೇಡಿ. ಅವನ ಕುಡಿಯುವ ನೀರಿಗೂ ಗಂಜಿಗೂ ಇವತ್ತಿನಿಂದಲೇ ಘಟಕದ ನೀರು ಬಳಸಿ.

— ಸಂಪಾದಕ